ವಾರ್ಡನಮ್ಮನ ಜಾಡಿ

ತೀರಿಕೊಂಡವರ ಬಗ್ಗೆ ಬರೆಯಲು ಕೂತಾಗ ಅವರ ಸರಳತೆ, ಮಿತಭಾಷೆ, ಯಾರ ತಂಟೆಗೂ ಹೋಗದ ಸ್ವಭಾವ ಇವುಗಳಿಂದ ಶುರು ಮಾಡುವುದು ರೂಢಿ. ಹಳೇಬೀಡಿನಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಓನರಮ್ಮನ ವಿಷಯದಲ್ಲಿ ಈ ಮೂರರಲ್ಲಿ ಯಾವುದರಿಂದಲೂ ಶುರು ಮಾಡುವ ಹಾಗಿಲ್ಲ. ಅವರು ಹೋಗದ ತಂಟೆಯೇ ಇರಲಿಲ್ಲ. ಅವರ ಮನೆಯಲ್ಲಿ ಮಿತಭಾಷೆ ಅಂತ ಇದ್ದದ್ದು ನಲ್ಲಿಗೆ ಮಾತ್ರ. ಅದು ದಿನ ಬಿಟ್ಟು ದಿನ ಬಾಯಿ ಬಿಡುತ್ತಿತ್ತು.

ಅವರು ಲಿಂಗೈಕ್ಯರಾದ ಸುದ್ದಿಯನ್ನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಹಳೇಬೀಡಿನ ಹೆಂಗಸೊಬ್ಬಳು ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರ ಜೊತೆ ಜಗಳ ಆಡ್ತಿದ್ರು?" ಎಂಬುದು. ಆಕೆಗೂ ಆ ಪ್ರಶ್ನೆ ವಿಚಿತ್ರ ಅನ್ನಿಸಲಿಲ್ಲ. "ಇಲ್ಲ ಕಣಕ್ಕ, ನಿದ್ದೇಲೇ ಹೋಗ್ಬುಟ್ರಂತೆ" ಅಂದಳು. ಅವರು ಸದ್ದಿಲ್ಲದೆ ಮಾಡಿದ ಕೆಲಸ ಬಹುಶಃ ಅದೊಂದೇ.

ಅವರು ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ವಾರ್ಡನಮ್ಮ. ಗಿಡ್ಡ ಆಳು, ಗಂಜಿ ಹಾಕಿದ ಕಾಟನ್ ಸೀರೆ, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕೀಗೊಂಚಲು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕೀಗೊಂಚಲು ಬಿಟ್ಟಿರಲಿಲ್ಲ. ಅದರಲ್ಲಿ ಅರ್ಧಕ್ಕರ್ಧ ಕೀಗಳಿಗೆ ಈ ಲೋಕದಲ್ಲಿ ಬೀಗವೇ ಇರಲಿಲ್ಲ. ಆದರೆ ಅವರು ನಡೆದು ಬರುವಾಗ ಅದು ಮಾಡುತ್ತಿದ್ದ ಸದ್ದಿಗೆ ಎದುರುಮನೆಯ ಗಂಡಸರು ಕೂಡ ಬೀಡಿ ಆರಿಸುತ್ತಿದ್ದರು. ಯಾವ ಮಾತು ಶುರು ಮಾಡುವಾಗಲೂ, "ನಾನು ಹೇಳೋ ಹಂಗಿಲ್ಲ, ಆದ್ರೂ ಹೇಳ್ತೀನಿ" ಅನ್ನುವರು. ಹೇಳದೆ ಬಿಟ್ಟ ಒಂದು ಉದಾಹರಣೆಯೂ ನನಗೆ ನೆನಪಿಲ್ಲ.

ಜೀವಮಾನವೆಲ್ಲ ಹುಡುಗ ಹುಡುಗಿಯರು ಹತ್ತಿರ ಬರದ ಹಾಗೆ ನೋಡಿಕೊಂಡ ಈ ಮಹಾತಾಯಿ, ನಿವೃತ್ತಿಯಾದ ಮೇಲೆ ಗಂಡ ಹೆಂಡತಿಯರನ್ನು ಹತ್ತಿರ ತರುವ ಉದ್ಯೋಗ ಹಿಡಿದರು. ನಾವು ಅವರ ಕೈಗೆ ಸಿಕ್ಕಿದ್ದು ಹಾಗೆ.

ನಾವು ಆ ಮನೆಗೆ ಬಂದದ್ದಕ್ಕೆ ಕಾರಣ ಭೂಗೋಳ. ನನ್ನ ಗಂಡನಿಗೆ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ನನಗೆ ಬೇಲೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಮದುವೆಯಾದ ಹೊಸದರಲ್ಲಿ ಎರಡೂ ಕಡೆಯ ಹಿರಿಯರು ಕೂತು, ಮನೆ ಯಾವ ಊರಲ್ಲಿ ಅಂತ ಪಂಚಾಯ್ತಿ ಮಾಡಿ, ನಡುವೆ ಇರುವ ಹಳೇಬೀಡು ಅಂತ ತೀರ್ಮಾನಿಸಿದರು. ಅನ್ಯಾಯ ಇಬ್ಬರಿಗೂ ಸಮನಾಗಿ ಹಂಚಿಕೆಯಾಗಬೇಕು ಎನ್ನುವುದು ಅದರ ತತ್ವ. ಅರಸೀಕೆರೆ ದೂರವಾದ್ದರಿಂದ ನನ್ನ ಗಂಡನ ಪಾಲಿಗೆ ಕೊಂಚ ಹೆಚ್ಚು ಬಂತು. "ಗಂಡಸು, ತಡ್ಕೋತಾನೆ ಬಿಡಿ" ಅಂದರು ನಮ್ಮ ಮಾವ. ಅವರು ತಮ್ಮ ಜೀವನದಲ್ಲಿ ಬೆಳಗಿನ ಬಸ್ಸು ಹತ್ತಿದವರಲ್ಲ.

ಹಾಗಾಗಿ ದಿನಾ ನನ್ನ ಗಂಡ ಅರಸೀಕೆರೆಗೆ ಜಾವಗಲ್ ಕಡೆಯ ಬಸ್ಸು, ನಾನು ಬೇಲೂರು ಕಡೆಯ ಬಸ್ಸು. ಅವರ ಪಾಳಿ ವಾರಕ್ಕೊಂದು ಸಲ ಬದಲಾಗುತ್ತಿತ್ತು. ನಾನು ಏಳುವಾಗ ಅವರು ಮಲಗುವರು. ನಾನು ಬರುವಾಗ ಅವರು ಹೊರಡುವರು. ಒಂದೇ ಮಿಷನ್ನಿಗೆ ಎರಡು ಪಾಳಿಯ ಕೆಲಸಗಾರರಿದ್ದ ಹಾಗೆ ಸಂಸಾರ ನಡೆಯಿತು. ಮಾತೆಲ್ಲ ಫೋನಿನಲ್ಲಿ. "ಗ್ಯಾಸ್ ಬಂತಾ", "ಮೊಸರು ಹುಳಿ ಬಂದಿದೆ", "ಸರಿ". ಎರಡು ವರ್ಷದ ದಾಂಪತ್ಯದಲ್ಲಿ ನಮ್ಮ ನಡುವೆ ಒಂದು ಒಳ್ಳೆ ಜಗಳವೂ ಆಗಿರಲಿಲ್ಲ. ಜಗಳಕ್ಕೂ ಇಬ್ಬರು ಎಚ್ಚರ ಇರಬೇಕಲ್ಲ.

ಇದನ್ನು ವಾರ್ಡನಮ್ಮ ಜಗಲಿಯ ಕುರ್ಚಿಯಿಂದ ನೋಡುತ್ತ ಬಂದರು. ಒಂದು ಭಾನುವಾರ ಇಬ್ಬರನ್ನೂ ಕರೆಸಿ ನಿಲ್ಲಿಸಿಕೊಂಡರು. ಕೂರಿ ಅನ್ನಲಿಲ್ಲ.

"ನಾನು ಹೇಳೋ ಹಂಗಿಲ್ಲ, ಆದ್ರೂ ಹೇಳ್ತೀನಿ. ನಿಮ್ಮಿಬ್ಬರ ಮನೇಲಿ ಸದ್ದೇ ಇಲ್ಲ."

"ಒಳ್ಳೇದೇ ಅಲ್ವಾ ಅಮ್ಮ?" ಅಂದರು ನನ್ನ ಗಂಡ.

"ಹಾಸ್ಟೆಲಲ್ಲಿ ಸದ್ದಿಲ್ಲದ ರೂಮು ಅಂದ್ರೆ ನಾನು ಮೊದಲು ಅಲ್ಲೇ ಬಾಗಿಲು ತಟ್ತಿದ್ದೆ ಕಣಪ್ಪ."

ಆಮೇಲೆ ಮೊಬೈಲು ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಹುಡುಗಿ, ನಮ್ಮ ಮನೆಯಷ್ಟು ದೊಡ್ಡದಾದ ಅಡುಗೆಮನೆಯಲ್ಲಿ ನಿಂತು, ಒಂದು ಗಾಜಿನ ಜಾಡಿಗೆ ರಿಬ್ಬನ್ ಕಟ್ಟುತ್ತಿದ್ದಳು. ಬಿಡುವಿಲ್ಲದ ಗಂಡ ಹೆಂಡತಿ ಜೊತೆಯಲ್ಲಿ ಏನೇನು ಮಾಡಬಹುದು ಅಂತ ಚೀಟಿಗಳಲ್ಲಿ ಬರೆದು ಆ ಜಾಡಿಯಲ್ಲಿ ಹಾಕಿಡಬೇಕು. ವಾರಕ್ಕೊಂದು ಚೀಟಿ ಎತ್ತಬೇಕು. ಬಂದದ್ದನ್ನು ಮಾಡಬೇಕು. ಅದಕ್ಕೆ ಡೇಟ್ ಅನ್ನುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ಅವರ ಯಜಮಾನರು ಒಳಗಿನಿಂದ, "ಯಾವ ಡೇಟು? ಇವತ್ತು ಡೇಟ್ ಎಷ್ಟು?" ಅಂತ ಕೇಳಿದರು.

"ತಾರೀಖಲ್ಲ ಕಣ್ರೀ, ಪ್ರೀತಿ!" ಅಂತ ಗದರಿದರು. ಆ ಪದವನ್ನು ಅಷ್ಟು ಸಿಟ್ಟಿನಿಂದ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ.

ಯಜಮಾನರು ದೇವಸ್ಥಾನದಲ್ಲಿ ಗೈಡು. ಕನ್ನಡ, ಹಿಂದಿ, ಇಂಗ್ಲಿಷ್, ತಮಿಳು ನಾಲ್ಕರಲ್ಲೂ ಶಿಲ್ಪಗಳ ಸೊಂಟ, ಜಡೆ, ಬಳೆ ವರ್ಣಿಸಬಲ್ಲವರು. ಮನೆಗೆ ಬಂದರೆ ಕನ್ನಡದಲ್ಲೂ ಎರಡೇ ಮಾತು. ಒಂದು "ಹೂಂ", ಇನ್ನೊಂದು "ಬಂದೆ".

ಜಾಡಿ ಮಾಡುವ ಕೆಲಸ ಆ ಸಂಜೆಯೇ ಜಗಲಿಯ ಮೇಲೆ ನಡೆಯಿತು. ವಿಡಿಯೋದ ಗಾಜಿನ ಜಾಡಿಗೆ ಬದಲು ಬಂದದ್ದು ಮಾವಿನಕಾಯಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿ, ಮುಚ್ಚಳದ ಅಂಚು ಒಡೆದದ್ದು. ಸೋಡಾಪುಡಿ ಹಾಕಿ, ಬಿಸಿನೀರಲ್ಲಿ ತೊಳೆದು, ಮಧ್ಯಾಹ್ನವೆಲ್ಲ ಬಿಸಿಲಿಗಿಟ್ಟಿದ್ದರಂತೆ. ವಾಸನೆ ಮಾತ್ರ ಜಗ್ಗಿರಲಿಲ್ಲ. ಚೀಟಿಗೆ ಹಳೆಯ ಲಗ್ನಪತ್ರಿಕೆಗಳನ್ನು ತಂದು ಸುರಿದರು. ಹಿಂಭಾಗ ಖಾಲಿ ಇರುತ್ತದಲ್ಲ, ದಪ್ಪ ಕಾಗದ, ಹರಿಯುವುದಿಲ್ಲ. ಹೀಗೆ ತಾಲ್ಲೂಕಿನ ಎಷ್ಟೋ ಮದುವೆಗಳನ್ನು ಕತ್ತರಿಯಲ್ಲಿ ಕತ್ತರಿಸಿ ನಮ್ಮದನ್ನು ಉಳಿಸಲು ಹೊರಟರು. ನಾನು ಕತ್ತರಿಸುವುದು, ನನ್ನ ಗಂಡ ಬರೆಯುವುದು, ಗೈಡ್ ಸಾರ್ ಮಡಿಸುವುದು, ವಾರ್ಡನಮ್ಮ ಹೇಳಿ ಬರೆಸುವುದು. ಮನೆಯಲ್ಲೇ ಮಾಡುವಂಥದ್ದಕ್ಕೆ ಅಂಚಿಗೆ ಅರಿಸಿನ, ಹೊರಗೆ ಹೋಗುವಂಥದ್ದಕ್ಕೆ ಕುಂಕುಮ. ಕಣ್ಣು ಮುಚ್ಚಿಕೊಂಡು ಎತ್ತಬೇಕಾದ ಚೀಟಿಗೆ ಬಣ್ಣ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಇಬ್ಬರೂ ಸೇರಿ ಒಂದು ತೆಂಗಿನಕಾಯಿ ತುರಿಯುವುದು. ಬರ್ಕೋ."

"ಒಂದು ಕಾಯಿ ಇಬ್ಬರು ಹೆಂಗೆ ತುರಿಯೋದು ಅಮ್ಮ?"

"ಅದನ್ನ ಯೋಚನೆ ಮಾಡೋದೇ ಸಂಸಾರ. ಬರ್ಕೋ."

ಆಮೇಲೆ ಉದಾರವಾಗಿ, "ನಿಮಗೂ ಏನಾದ್ರೂ ಆಸೆ ಇದ್ರೆ ಸೇರಿಸಿ" ಅಂದರು. ನಾನು, ಬೇಲೂರಿನಲ್ಲಿ ಒಂದು ಸಿನಿಮಾ, ಅಂದೆ. ಅದು ಚೀಟಿಗೆ ಇಳಿಯುವಷ್ಟರಲ್ಲಿ ಬೇಲೂರಿನಲ್ಲಿ ಒಂದು ದೇವಸ್ಥಾನ ಆಗಿತ್ತು. ನನ್ನ ಗಂಡ, ಇಡೀ ದಿನ ನಿದ್ದೆ, ಅಂದರು. "ಅದು ಡೇಟಲ್ಲ, ಕಾಯಿಲೆ" ಅಂತ ತಳ್ಳಿಹಾಕಿದರು. ಕೊನೆಗೆ ಮುಚ್ಚಳಕ್ಕೆ ಕೆಂಪು ಇಂಕಿನಲ್ಲಿ ಬರೆದ ನಿಯಮಗಳನ್ನು ಅಂಟಿಸಿದರು. ಎತ್ತಿದ ಚೀಟಿ ವಾಪಸ್ ಹಾಕುವಂತಿಲ್ಲ. ಮೊಬೈಲ್ ತರುವಂತಿಲ್ಲ. ಸಂಜೆ ಏಳರೊಳಗೆ ಹಿಂತಿರುಗತಕ್ಕದ್ದು.

"ಅಮ್ಮ, ನಾವು ಗಂಡ ಹೆಂಡ್ತಿ" ಅಂದರು ನನ್ನ ಗಂಡ.

"ಎಲ್ಲರೂ ಹಂಗೇ ಹೇಳೋದು."

ಮೊದಲ ಚೀಟಿಯಲ್ಲಿ ಬಂದದ್ದು ಹುಲಿಕೆರೆ. ಅಲ್ಲಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಚಿಕ್ಕಂದಿನ ಕತೆ ಹೇಳಬೇಕು. ಸರಿ, ಹತ್ತಿರವೇ ಅಲ್ಲವೇ, ಅಂತ ನಾನೂ ಒಂದು ಒಳ್ಳೆ ಸೀರೆ ಉಟ್ಟೆ. ಹೊರಗೆ ಬಂದರೆ ನಾವು ಹೇಳಿದ್ದ ಆಟೋದಲ್ಲಿ ವಾರ್ಡನಮ್ಮ ಆಗಲೇ ಕೂತಿದ್ದಾರೆ. ತೊಡೆಯ ಮೇಲೆ ಫ್ಲಾಸ್ಕು, ಚಕ್ಕುಲಿ ಡಬ್ಬಿ.

"ನೀವೂ ಬರ್ತೀರಾ ಅಮ್ಮ?"

"ಮತ್ತೆ? ನಿಮ್ಮಿಬ್ಬರನ್ನೇ ಕಳಿಸಿದ್ರೆ ಜನ ಏನಂದಾರು?"

ಆ ಜನ ಯಾರು, ಏನು ಅಂದಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹುಲಿಕೆರೆಯಲ್ಲಿ ನಾವಿಬ್ಬರೂ ನೀರಿನ ಹತ್ತಿರ ಕೂತೆವು. ಅವರು ಮೇಲಿನ ಮೆಟ್ಟಿಲಲ್ಲಿ, ಪುಟ್ಟ ಗುಡಿಗಳ ಸಾಲಿಗೆ ಬೆನ್ನು ಕೊಟ್ಟು, ಕೊಡೆ ಬಿಚ್ಚಿಕೊಂಡು, ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ ಕೂತರು. "ಹೂಂ, ಮಾತಾಡಿ. ಟೈಮ್ ಹೋಗ್ತಿದೆ."

ನನ್ನ ಗಂಡ ಪಿಸುಗುಟ್ಟಿಕೊಂಡು ಒಂದು ಕತೆ ಶುರು ಮಾಡಿದರು. ಚಿಕ್ಕವರಿದ್ದಾಗ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಮದುವೆಗೆ ಹೋದವರು ದಾರಿಯಲ್ಲಿ ಹಾರನಹಳ್ಳಿ ದೇವಸ್ಥಾನಕ್ಕೆ ಇಳಿದಿದ್ದಾರೆ. ಇವರು ಕಂಬಗಳ ಮಧ್ಯೆ ಆಡುತ್ತ ನಿದ್ದೆ ಹೋಗಿದ್ದಾರೆ. ಟೆಂಪೋ ಹೊರಟುಹೋಗಿದೆ.

"ಕೇಳಿಸ್ತಿಲ್ಲ, ಜೋರಾಗಿ ಹೇಳಪ್ಪ!" ಮೇಲಿನಿಂದ ಕೂಗು ಬಂತು.

ಅವರು ಜೋರಾಗಿ ಹೇಳಿದರು. ಮದುವೆ ಮನೆಯಲ್ಲಿ ಊಟಕ್ಕೆ ಕೂರುವ ತನಕ ಇವರಿಲ್ಲದ್ದು ಯಾರಿಗೂ ಗೊತ್ತಾಗಿರಲಿಲ್ಲವಂತೆ. ಸಂಜೆ ದೊಡ್ಡಪ್ಪ ಬಂದು ಕರೆದುಕೊಂಡು ಹೋದರಂತೆ. ಅಲ್ಲಿಯ ತನಕ ಇವರು ಅತ್ತಿರಲಿಲ್ಲವಂತೆ. ದೊಡ್ಡಪ್ಪನನ್ನು ಕಂಡ ಮೇಲೆ ಅತ್ತದ್ದು.

ಹಾಜರಿ ತಗೊಳ್ಳದೆ ಹೊರಟರೆ ಹೀಗೇ ಆಗೋದು ಅಂತ ತೀರ್ಪು ಕೊಟ್ಟು ವಾರ್ಡನಮ್ಮ ಕೆಳಗೆ ಚಕ್ಕುಲಿ ಕಳಿಸಿದರು. ಎರಡು ವರ್ಷ ಜೊತೆಗಿದ್ದೂ ನನಗೆ ಆ ಕತೆ ಗೊತ್ತಿರಲಿಲ್ಲ. ನನ್ನ ಜೊತೆಗೇ ವಾರ್ಡನಮ್ಮನಿಗೂ ಗೊತ್ತಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಅವರು ಕೊಡೆ ಹಿಡಿದು ಕೂತಿದ್ದನ್ನು ನಾನು ಮಾಡಿ ತೋರಿಸಿದೆ. ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ತೆಂಗಿನಕಾಯಿ ಬಂತು. ತುರಿಯುವಾಗಲೂ ವಾರ್ಡನಮ್ಮ ಕಿಟಕಿಯಲ್ಲಿ ನಿಂತಿದ್ದರು. ಆಗಲೂ ನಕ್ಕೆವು. ನಮ್ಮ ಮನೆಯಲ್ಲಿ ನಗು ಹುಟ್ಟಿದ್ದೇ ಅವರನ್ನು ಆಡಿಕೊಳ್ಳುವುದರಿಂದ. ಅವರ ಜಾಡಿ ಕೆಲಸ ಮಾಡಿತು ಅಂತ ಯಾರಾದರೂ ಅನ್ನುವುದಾದರೆ ಅದು ಹೀಗೆ.

ಒಂದು ಸಲ ಸೇಡು ತೀರಿಸಿಕೊಳ್ಳಲು ನಾನೇ ಹೂಡಿದೆ. ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ, "ಅಮ್ಮ, ಈ ವಾರ ನೀವೂ ಸಾರೂ ಎತ್ತಿ" ಅಂದೆ. "ನಮಗ್ಯಾಕೆ? ನಾವೇನು ಬಿಜಿ ಇಲ್ಲ" ಅಂತ ಎಂದೂ ಇಲ್ಲದ ಹಾಗೆ ತಡವರಿಸಿದರು. ಅಷ್ಟರಲ್ಲಿ ಗೈಡ್ ಸಾರ್ ಜಾಡಿಗೆ ಕೈ ಹಾಕಿ ಒಂದು ಚೀಟಿ ತೆಗೆದೇಬಿಟ್ಟರು. ಗಂಡ ಹೆಂಡತಿಯನ್ನು ನಾಲ್ಕು ಜನರ ಮುಂದೆ ಹೊಗಳುವುದು, ಅಂತ ಬಂತು. ವಾರ್ಡನಮ್ಮನೇ ಹೇಳಿ ಬರೆಸಿದ್ದು.

ಗೈಡ್ ಸಾರ್ ಚೀಟಿ ನೋಡಿದರು, ಹೆಂಡತಿಯನ್ನು ನೋಡಿದರು. ಕೊನೆಗೆ ಎದ್ದು ನಿಂತು, ಬಲಗೈ ಚಾಚಿ, ದೇವಸ್ಥಾನದ ದನಿಯಲ್ಲಿ ಶುರು ಮಾಡಿದರು. "ಈಗ ನಿಮ್ಮ ಎದುರಿಗೆ ಕಾಣ್ತಾ ಇರೋದು ಬಳಪದ ಕಲ್ಲಲ್ಲ, ಗಟ್ಟಿ ಕಲ್ಲು. ಉಳಿ ಇಳಿಯೋದಿಲ್ಲ. ಮೂಗು ಮೂಲ ಸ್ಥಿತಿಯಲ್ಲೇ ಇದೆ, ಗಮನಿಸಿ. ಎಷ್ಟು ದಾಳಿ ಆದ್ರೂ ಬಾಯಿ ಮಾತ್ರ ಭಗ್ನ ಆಗಿಲ್ಲ. ಇಂಥ ಇನ್ನೊಂದು ಶಿಲ್ಪ ನಿಮಗೆ ಬೇಲೂರಲ್ಲೂ ಸಿಕ್ಕೋದಿಲ್ಲ, ಹಳೇಬೀಡಲ್ಲೂ ಸಿಕ್ಕೋದಿಲ್ಲ."

ವಾರ್ಡನಮ್ಮ ಪೂರ್ತಿ ಕೇಳಿಸಿಕೊಂಡರು. "ಮುಗೀತಾ?" ಅಂದರು. "ಟಿಪ್ಸ್ ಕೊಡಬೇಕಾ?"

ಒಳಗೆ ಹೋದರು. ಆದರೆ ಆವತ್ತು ಮತ್ತೆ ಯಾರನ್ನೂ ಬೈಯಲಿಲ್ಲ. ಮಾರನೇ ದಿನ ಮುಡಿಯಲ್ಲಿ ಒಂದು ಸೇವಂತಿಗೆ ಇತ್ತು. ಕೇಳಿದರೆ, "ಗಿಡದಲ್ಲಿ ಬಿಟ್ಟಿತ್ತು, ಇಟ್ಕೊಂಡೆ. ಅದಕ್ಕೂ ನಿನ್ನ ಕೇಳ್ಬೇಕಾ?" ಅಂದರು.

ಇಷ್ಟೆಲ್ಲ ನಕ್ಕರೂ ಬಸ್ಸಿನ ದಾರಿ ಕಮ್ಮಿಯಾಗಲಿಲ್ಲ. ನಗು ಅರ್ಧ ಗಂಟೆ. ಆಮೇಲೆ ಮತ್ತೆ ಅವರ ಪಾಳಿ, ನನ್ನ ಪಾಳಿ. ಆ ಚಳಿಗಾಲದಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಬೇಲೂರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು ಉಳಿಯುವ ಒಂದು ಮನೆ ಇತ್ತು. ಅಲ್ಲಿ ರೂಮು ನೋಡಿ ಮಾತಾಡಿ ಬಂದೆ. ವಾರಪೂರ್ತಿ ಅಲ್ಲಿದ್ದು ಭಾನುವಾರ ಮಾತ್ರ ಹಳೇಬೀಡಿಗೆ ಬರುವುದು. ಗಂಡನಿಗೆ ಹೇಳಿರಲಿಲ್ಲ. ಜಗಳವೇ ಇಲ್ಲದಿದ್ದಾಗ ಬಿಟ್ಟುಹೋಗುವುದನ್ನು ಯಾವ ಮಾತಿನಿಂದ ಶುರು ಮಾಡುವುದು? ಅನುಕೂಲಕ್ಕೆ, ಅನ್ನುವ ಪದವೊಂದನ್ನು ಹುಡುಕಿಟ್ಟುಕೊಂಡಿದ್ದೆ. ಒಳಗೊಳಗೆ ನನಗೆ ಗೊತ್ತಿತ್ತು, ಒಮ್ಮೆ ಹೋದರೆ ಭಾನುವಾರಗಳೂ ಒಂದೊಂದಾಗಿ ತಪ್ಪುತ್ತವೆ ಅಂತ.

ಆ ರೂಮಿನ ಒಡತಿ ವಾರ್ಡನಮ್ಮನ ಹಾಸ್ಟೆಲಲ್ಲಿ ಓದಿದವಳು. ನಾನು ಅಷ್ಟು ಯೋಚನೆ ಮಾಡಬೇಕಿತ್ತು. ಬೇಲೂರು ತಾಲ್ಲೂಕಿನಲ್ಲಿ ಅವರ ಕೈಯಲ್ಲಿ ಬೈಸಿಕೊಳ್ಳದ ಹೆಂಗಸು ಸಿಗುವುದೇ ಕಷ್ಟ. ಆಕೆ ಅವತ್ತೇ ಫೋನು ಮಾಡಿ ಹೇಳಿದ್ದಳು. ಇವರು ನನ್ನೆದುರು ಏನೂ ಗೊತ್ತಿಲ್ಲದವರಂತೆ ಇದ್ದರು. ಅವರ ಜೀವನದಲ್ಲಿ ಅತಿ ದೀರ್ಘ ಮೌನ ಅದೇ ಇರಬೇಕು, ಐದು ದಿನ.

ಆ ಭಾನುವಾರ ಚೀಟಿಯಲ್ಲಿ ಬಂದದ್ದು ಯಗಚಿ ಡ್ಯಾಮಿನಲ್ಲಿ ಬೋಟಿಂಗ್. ಮೂವರೂ ಬಸ್ಸಿನಲ್ಲಿ ಬೇಲೂರಿಗೆ ಹೋಗಿ, ಆಟೋ ಹಿಡಿದು ಡ್ಯಾಮಿಗೆ ಹೋದೆವು. ಕಾಲಲ್ಲಿ ತುಳಿಯುವ ಬೋಟು. ಬೋಟಿನವನು ನಮ್ಮನ್ನು ಎಣಿಸಿ, "ಇಬ್ಬರಿಗೇ ಜಾಗ ಇರೋದು ಕಣ್ರೀ, ಒಬ್ರು ಇಲ್ಲೇ ಇರಿ" ಅಂದ.

ಮರ್ಯಾದಸ್ಥರು ಯಾರಾದರೂ ಹಿಂದೆ ಸರಿಯುತ್ತಿದ್ದರು. ವಾರ್ಡನಮ್ಮ ತಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ, ಲೈಫ್ ಜಾಕೆಟ್ಟಿನೊಳಗೆ ಹೇಗೋ ತೂರಿಕೊಂಡು ನನ್ನ ಗಂಡನ ಪಕ್ಕ ಕೂತರು. "ನಿನಗೆ ನೀರು ಭಯ ಅಲ್ವೇನಮ್ಮ" ಅಂದರು. ನನಗೆ ಯಾವ ನೀರಿನ ಭಯವೂ ಇರಲಿಲ್ಲ. ಹೀಗೆ ಬಿಡುವಿಲ್ಲದ ದಂಪತಿಗಳಿಗಾಗಿ ಮಾಡಿದ ಡೇಟಿಗೆ ನನ್ನ ಗಂಡ ಮತ್ತು ಮನೆ ಓನರಮ್ಮ ಹೊರಟರು. ನಾನು ಫ್ಲಾಸ್ಕು ಹಿಡಿದುಕೊಂಡು ದಡದಲ್ಲಿ ನಿಂತೆ.

ಮೊದಮೊದಲು ನೋಡಲು ಚೆನ್ನಾಗಿತ್ತು. ವಾರ್ಡನಮ್ಮನ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಬೋಟು ಒಂದೇ ಕಡೆ ವಾಲಿಕೊಂಡು ಸುತ್ತುತ್ತಿತ್ತು. "ಎಡಕ್ಕೆ, ಎಡಕ್ಕೆ" ಅಂತ ಅವರು ಕೂಗುವುದು ದಡದ ತನಕ ಕೇಳಿಸುತ್ತಿತ್ತು. ನಡುನೀರಿಗೆ ಹೋದ ಮೇಲೆ ಕೂಗು ನಿಂತಿತು. ಆಮೇಲೆ ಬೋಟೂ ನಿಂತಿತು. ವಾರ್ಡನಮ್ಮನ ಕೈ ಆಡುತ್ತಿತ್ತು. ನನ್ನ ಗಂಡನ ಬೆನ್ನು ಕಾಣುತ್ತಿತ್ತು. ಒಂದು ಸಲ ಅವರು ತಿರುಗಿ ನನ್ನ ಕಡೆ ನೋಡಿದರು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಆದರೆ ಆ ತಿರುಗಿದ ರೀತಿಯಲ್ಲೇ ನನಗೆ ಎಲ್ಲ ಗೊತ್ತಾಯಿತು. ಕೈಯಲ್ಲಿದ್ದ ಫ್ಲಾಸ್ಕನ್ನು ಕೆಳಗಿಟ್ಟೆ.

ಬೋಟು ದಡಕ್ಕೆ ಬಂತು. ನನ್ನ ಗಂಡ ಮೊದಲು ಇಳಿದು, ಅವರಿಗೆ ಕೈ ಕೊಟ್ಟು ಇಳಿಸಿ, ಆಮೇಲೆ ನನ್ನನ್ನು ಕೇಳಿದರು. "ರೂಮು ನೋಡಿ ಬಂದಿದೀಯಂತೆ."

"ಹೇಳ್ಬೇಕು ಅಂತಿದ್ದೆ."

"ಯಾವಾಗ?"

ನಾನು ವಾರ್ಡನಮ್ಮನ ಕಡೆ ತಿರುಗಿ, "ಇದು ನಿಮಗೆ ಬೇಕಿತ್ತಾ ಅಮ್ಮ?" ಅಂತ ಕೇಳಿದೆ.

"ಬೇಕಿತ್ತು" ಅಂದರು. "ನೀರಿನ ಮಧ್ಯೆ ಆದ್ರೆ ಗಂಡಸು ಎದ್ದು ಹೋಗೋ ಹಂಗಿಲ್ಲ. ಅದಕ್ಕೇ ಅಲ್ಲಿ ಹೇಳ್ದೆ. ಚಕ್ಕುಲಿ ಎಲ್ಲಿ?"

ಆಟೋ ಹಿಡಿದು ಬೇಲೂರು ಬಸ್ ಸ್ಟ್ಯಾಂಡಿಗೆ ಬಂದೆವು. ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ನಾನು ಕಿಟಕಿಗೆ ಕೂತೆ. ನನ್ನ ಗಂಡ ಇನ್ನೇನು ಕೂರಬೇಕು, ಅಷ್ಟರಲ್ಲಿ ವಾರ್ಡನಮ್ಮ ಮಧ್ಯಕ್ಕೆ ನುಗ್ಗಿ ಕೂತರು. ಹಾಸ್ಟೆಲಿನ ಅಭ್ಯಾಸ. ಬಸ್ಸು ಹೊರಟಿತು. ನಮ್ಮ ಮದುವೆಯ ಮೊದಲ ಜಗಳ ಅವರ ತೊಡೆಯ ಮೇಲಿನಿಂದ ಶುರುವಾಯಿತು.

"ನನಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?" ನನ್ನ ಗಂಡ ಕೇಳಿದರು.

"ಹೇಳೋಕೆ ನೀವು ಎಲ್ಲಿರ್ತೀರಾ?"

"ನಾನು ಆಟ ಆಡೋಕೆ ಹೋಗ್ತೀನಾ?"

"ನಾನು ಹೋಗ್ತೀನಾ?"

ನಿಂತಿದ್ದ ಒಬ್ಬ ಅಜ್ಜ ಸೀಟಿನ ಕಂಬಿ ಹಿಡಿದು ಬಗ್ಗಿದ. "ಅಲ್ಲ ಕಣವ್ವ, ಆವಪ್ಪನ ಮಾತ್ನಲ್ಲೂ ನ್ಯಾಯ ಐತೆ" ಅಂದ. ಹಿಂದಿನ ಸೀಟಿನ ಹೆಂಗಸು, "ನೀನು ಸುಮ್ಕಿರಜ್ಜ, ಹೆಣ್ಮಗಳ ಕಷ್ಟ ನಿಂಗೇನ್ ಗೊತ್ತು?" ಅಂದಳು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನಿಂತ. ಆಗ ನನ್ನ ಗಂಡ ಇನ್ನೊಂದು ಬಾಂಬು ಹಾಕಿದರು. ಅವರೂ ಅರಸೀಕೆರೆಯಲ್ಲಿ ಜೊತೆಯ ನೌಕರರೊಬ್ಬರ ರೂಮಿಗೆ ಸೇರಿಕೊಳ್ಳುವ ಮಾತಾಡಿದ್ದರಂತೆ. ಒಂದು ತಿಂಗಳ ಹಿಂದೆಯೇ.

"ಓಹೋ!" ಅಂದೆ. ಇಡೀ ಬಸ್ಸು "ಓಹೋ" ಅಂತು.

ಈಗ ವಾರ್ಡನಮ್ಮ ಇವರನ್ನು ಹಿಡಿದು ಜಾಡಿಸುತ್ತಾರೆ ಅಂತ ನಾನು ಕಾದೆ. ಸದ್ದಿಲ್ಲ. ನೋಡಿದರೆ ಅವರು ನಿದ್ದೆ ಹೋಗಿದ್ದರು. ಎಟುಕದ ಪೆಡಲಿಗೆ ಕಾಲು ಚಾಚಿ ಚಾಚಿ ಆದ ಆಯಾಸ. ಬಾಯಿ ಸ್ವಲ್ಪ ತೆರೆದಿತ್ತು. ತಲೆ ವಾಲಿ ವಾಲಿ ನನ್ನ ಭುಜಕ್ಕೆ ಬಂದು ನಿಂತಿತು. ನನ್ನ ಗಂಡ ಬಾಯಿ ತೆರೆದವರು ಅವರನ್ನು ನೋಡಿ ದನಿ ಇಳಿಸಿದರು. ನಾನೂ ಇಳಿಸಿದೆ. ಬೈಯುವುದನ್ನು ಪಿಸುಮಾತಿನಲ್ಲಿ ಮಾಡುವುದು ಬಹಳ ಕಷ್ಟ. ಕೇಳಿಸಲಿ ಅಂತ ಇಬ್ಬರೂ ಅವರ ತಲೆಯ ಮೇಲೆ ಬಗ್ಗಬೇಕಾಯಿತು. ಏನೂ ಕೇಳಿಸದೆ ಅಜ್ಜ ನಿರಾಶನಾಗಿ ಮುಂದಕ್ಕೆ ಹೋದ.

"ಯಾಕೆ ರೂಮು ಕೇಳಿದ್ರಿ?" ಅಂದೆ.

"ನಾನು ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ನಿನಗೆ ನಿದ್ದೆ ಕೆಡುತ್ತೆ. ದಿನಾ ಎದ್ದು ಕೂರ್ತೀಯ. ಬೇಜಾರು ಮಾಡ್ಕೋತೀಯ ಅನ್ನಿಸ್ತು."

"ಬೇಜಾರಿಗೆ ಯಾರು ಎದ್ದು ಕೂರ್ತಾರೆ? ನೀವು ಏನಾದ್ರೂ ಮಾತಾಡ್ತೀರೇನೋ ಅಂತ ಕೂರ್ತಿದ್ದೆ."

ಅವರು ಕೆಳಗೆ ಜಾರುತ್ತಿದ್ದ ಫ್ಲಾಸ್ಕನ್ನು ಹಿಡಿದು ನೆಟ್ಟಗೆ ನಿಲ್ಲಿಸಿದರು. ಆಮೇಲೆ, "ನೀನ್ಯಾಕೆ?" ಅಂದರು.

"ಮನೆಗೆ ಬಂದು ನೀವಿಲ್ಲದ್ದನ್ನ ನೋಡೋದಕ್ಕಿಂತ, ನೀವು ಇರೋದೇ ಇಲ್ಲ ಅಂತ ಗೊತ್ತಿರೋ ಕಡೆ ಇರೋದು ವಾಸಿ ಅನ್ನಿಸ್ತು."

ಹಳೇಬೀಡು ಬಂತು. ವಾರ್ಡನಮ್ಮ ತಟ್ಟನೆ ಎದ್ದು, ಸೆರಗು ಸರಿ ಮಾಡಿಕೊಂಡು, "ಏನಾಯ್ತು? ಮುಗೀತಾ?" ಅಂದರು. ನಾನೂ ನನ್ನ ಗಂಡನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಜೋರಾಗಿ ನಕ್ಕೆವು. ಇಳಿಯುವಾಗಲೂ ನಗುತ್ತಿದ್ದೆವು. ನನ್ನ ಕಣ್ಣಲ್ಲಿ ನೀರಿತ್ತು.

ಇಲ್ಲಿಗೆ ಕತೆ ನಿಂತಿದ್ದರೆ ವಾರ್ಡನಮ್ಮನಿಗೆ ದೊಡ್ಡ ಗೆಲುವು. ಆದರೆ ನಾವು ಆ ವಾರವೇ ಕೂತು ಮಾತಾಡಿ ತೆಗೆದುಕೊಂಡ ತೀರ್ಮಾನ ಹಳೇಬೀಡು ಬಿಡುವುದು. ನಾನು ಅರಸೀಕೆರೆಯ ಒಂದು ಲ್ಯಾಬಿನಲ್ಲಿ ಕೆಲಸ ಹುಡುಕಿಕೊಂಡೆ. ಸ್ಟೇಷನ್ನಿನ ಹತ್ತಿರವೇ ಮನೆ ಸಿಕ್ಕಿತು. ಹೇಳಲು ಹೋದಾಗ ವಾರ್ಡನಮ್ಮ ಕೆಂಡವಾದರು.

"ಇಷ್ಟೆಲ್ಲ ಮಾಡಿದ್ದು ಮನೆ ಖಾಲಿ ಮಾಡಿಸ್ಕೊಳ್ಳೋಕಾ? ನೀನು ಬೇಲೂರು ರೂಮಿಗೆ ಹೋಗಿದ್ರೂ ಬಾಡಿಗೆ ಬರ್ತಿತ್ತು!"

ಅಲ್ಲಿಯ ತನಕ, ಪಾಪ ನಮ್ಮ ಮೇಲೆ ಎಷ್ಟು ಅಕ್ಕರೆ, ಅಂದುಕೊಳ್ಳಲು ನಾನು ತಯಾರಾಗುತ್ತಿದ್ದೆ. ಆ ತೊಂದರೆ ತಪ್ಪಿತು. ಹೊರಡುವ ದಿನ, ಜಾಡಿ ನಾವು ತಗೊಂಡು ಹೋಗಬಹುದಾ ಅಂತ ಕೇಳಿದೆ. "ಅದು ಮನೆಗೆ ಸೇರಿದ್ದು, ಗೀಸರ್ ತರ" ಅಂದರು.

ಮುಂದೆ ಬಂದ ಬಾಡಿಗೆದಾರರು ಹೊಸದಾಗಿ ಮದುವೆಯಾದವರು. ಒಂದು ಸಲ ವಾರ್ಡನಮ್ಮ ಫೋನಿನಲ್ಲಿ ಅವರ ಬಗ್ಗೆ ದೂರಿದರು. "ಸದಾ ಅಂಟ್ಕೊಂಡೇ ಇರ್ತಾರೆ ಕಣಮ್ಮ, ಹಿಂಸೆ. ಬೇರೆಯವರ ಜೊತೆಗೂ ಸ್ವಲ್ಪ ಮಾತಾಡಿ ಅಂತ ನಾಲ್ಕು ಚೀಟಿ ಬರೆದು ಹಾಕಿದೀನಿ." ಆ ಬೇರೆಯವರು ಯಾರು ಅಂತ ನಾನು ಕೇಳಲಿಲ್ಲ. ಆಮೇಲಿನ ದಿನಗಳಲ್ಲಿ ತಿಂಗಳಿಗೊಮ್ಮೆ ನಾನೇ ಫೋನು ಮಾಡುತ್ತಿದ್ದೆ. ಪ್ರತಿಸಲವೂ, "ಏನು, ಈಗ ನೆನಪಾಯ್ತಾ?" ಅಂತಲೇ ಎತ್ತುತ್ತಿದ್ದರು.

ಅವರ ಶಿವಗಣಾರಾಧನೆಗೆ ನಾನೂ ನನ್ನ ಗಂಡನೂ ರಜೆ ಹಾಕಿ ಹೋದೆವು. ಮನೆಯ ಮುಂದೆ ಶಾಮಿಯಾನ. ಒಂದು ಕಡೆ ನೆಂಟರು, ಮಠದವರು. ಇನ್ನೊಂದು ಕಡೆ ಗುಂಪುಗುಂಪಾಗಿ ಹೆಂಗಸರು. ನರ್ಸು, ಟೀಚರು, ಪಂಚಾಯ್ತಿ ಮೆಂಬರು, ಬಟ್ಟೆ ಅಂಗಡಿ ಒಡತಿ, ಎಲ್ಲ ವಾರ್ಡನಮ್ಮನ ಹಳೆಯ ಹುಡುಗಿಯರು. ಕೆಲವರಿಗೆ ಮೊಮ್ಮಕ್ಕಳಿದ್ದರು. ಮೊದಲು ಎಲ್ಲರೂ ಸೆರಗು ಹೊದ್ದು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಯಾರೋ ಒಬ್ಬಳು ತಗ್ಗಿದ ದನಿಯಲ್ಲಿ ವಾರ್ಡನಮ್ಮ ಬಾತ್‌ರೂಮಿನ ಮುಂದೆ ನಿಂತು ಬೈಯುತ್ತಿದ್ದುದನ್ನು ಮಾಡಿ ತೋರಿಸಿದಳು. ಇನ್ನೊಬ್ಬಳು, ಹಂಗಲ್ಲ ಕಣೇ, ಹಿಂಗೆ, ಅಂತ ತಿದ್ದಿದಳು. ನಗು ತಡೆಯಲಾಗಲಿಲ್ಲ. ನೆಂಟರು ತಿರುಗಿ ನೋಡಿದರು.

ಒಬ್ಬ ದಪ್ಪನೆಯ ಹೆಂಗಸು ತನ್ನ ಕತೆ ಹೇಳಿದಳು. ಪಿಯುಸಿಯಲ್ಲಿದ್ದಾಗ ಒಬ್ಬ ಹುಡುಗನ ಜೊತೆ ಓಡಿಹೋಗಲು ಅರಸೀಕೆರೆ ಸ್ಟೇಷನ್ನಿಗೆ ಹೋಗಿದ್ದಳಂತೆ. ರೈಲು ಬರುವುದಕ್ಕೆ ಮುಂಚೆ ವಾರ್ಡನಮ್ಮ ಬಂದಿದ್ದಾರೆ. ಹುಡುಗನ ಕಪಾಳಕ್ಕೆ ಒಂದು ಕೊಟ್ಟು, ಇವಳ ಜಡೆ ಹಿಡಿದು ಎಳೆದುಕೊಂಡು ಬಂದಿದ್ದಾರೆ.

"ಆವಯ್ಯ ಈಗ ಮೂರು ಪೆಟ್ರೋಲ್ ಬಂಕ್ ಇಟ್ಟವ್ನೆ ಕಣ್ರೇ" ಅಂದಳು ಆಕೆ. "ನಮ್ಮೆಜಮಾನ್ರು ಈಗ್ಲೂ ಸೈಕಲ್ ತುಳೀತವ್ರೆ. ಆ ಹೆಂಗಸು ಇನ್ನೊಂದು ಗಳಿಗೆ ತಡವಾಗಿ ಬಂದಿದ್ರೆ ನನ್ನ ಜನ್ಮ ಉದ್ಧಾರ ಆಗೋದು!"

ಈ ಸಲ ನಗು ಶಾಮಿಯಾನವನ್ನೇ ಎತ್ತಿತು. ಅಷ್ಟರಲ್ಲಿ ಮಠದವರ ಕಡೆಯಿಂದ ಗೈಡ್ ಸಾರ್ ಎದ್ದು ನಮ್ಮ ಕಡೆ ಬಂದರು. ಶಲ್ಯ ಹೊದ್ದಿದ್ದರು, ಗಡ್ಡ ಬೆಳೆದಿತ್ತು. ಹೆಂಗಸರೆಲ್ಲ ಥಟ್ಟನೆ ಮತ್ತೆ ಸೆರಗು ಹೊದ್ದುಕೊಂಡರು. ದಪ್ಪನೆಯ ಹೆಂಗಸು ಎದ್ದು ನಿಂತು, "ತಪ್ಪಾಯ್ತು ಸಾರ್" ಅಂದಳು.

ಅವರು ಅಲ್ಲೇ ಇದ್ದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೆಂಗಸರ ಮಧ್ಯೆ ಕೂತರು. ಅಡುಗೆಯವನು ಓಡಿ ಬಂದು, "ಎಲೆ ಹಾಕಿದೀವಿ ಯಜಮಾನ್ರೇ, ಎಲ್ಲರನ್ನೂ ಎಬ್ಬಿಸಿ" ಅಂದ. ಗೈಡ್ ಸಾರ್ ಅವನ ಕಡೆ ನೋಡದೆ ಕೈ ಅಡ್ಡ ಮಾಡಿದರು.

"ತಡಿಯಪ್ಪ" ಅಂದರು. "ಇನ್ನೊಂದು ಹೇಳ್ರಮ್ಮ."